ಹಡಗಿನಿಂದ ಇಳಿದು ಮಲೆನಾಡಿನ ಮನೆಗೆ: ಕ್ರೂಸ್ ಮುಗಿಸಿ ವಾಪಸ್ ಬರುವ ಬಗೆ

ಕ್ರೂಸ್‌ಗೆ ಹೊರಡುವುದು ಹೇಗೆ ಎಂದು ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಯಾವ ಕ್ಯಾಬಿನ್ ತಗೋಬೇಕು, ಯಾವ ಬಟ್ಟೆ ಒಯ್ಯಬೇಕು, ಊಟಕ್ಕೆ ಏನು ಸಿಗುತ್ತದೆ, ಎಲ್ಲ ಹೇಳುತ್ತಾರೆ. ವಾಪಸ್ ಬರುವ ದಿನದ ಬಗ್ಗೆ ಮಾತ್ರ ಯಾರೂ ಜಾಸ್ತಿ ಮಾತಾಡುವುದಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ ಆ ದಿನವೇ ಕಷ್ಟದ್ದು. ಬೆಂಗಳೂರಿನವರು ವಿಮಾನ ಇಳಿದರೆ ಮನೆ ಸೇರಿದಂತೆ. ನಮಗೆ ಅಲ್ಲಿಂದ ಮುಂದೆ ಇನ್ನೂ ಮುನ್ನೂರು ನಾನೂರು ಕಿಲೋಮೀಟರ್ ಇರುತ್ತದೆ.

ಈ ವರ್ಷ ಅಡಿಕೆ ಕೊಯ್ಲು, ಸುಲಿಯುವುದು ಎಲ್ಲ ಮುಗಿದ ಮೇಲೆ, ಏಪ್ರಿಲ್‌ನಲ್ಲಿ, ನಾನು, ನಮ್ಮ ಮನೆಯವರು ಮತ್ತು ಅತ್ತೆ ಸಿಂಗಾಪುರದಿಂದ ನಾಲ್ಕು ರಾತ್ರಿಯ ಕ್ರೂಸ್‌ಗೆ ಹೋಗಿ ಬಂದೆವು. ಪೆನಾಂಗ್, ಫುಕೆಟ್ ಮುಟ್ಟಿ ಮತ್ತೆ ಸಿಂಗಾಪುರ. ಅತ್ತೆಗೆ 71 ವರ್ಷ. ವಯಸ್ಸಾದವರನ್ನು ಜೊತೆಗೆ ಕರೆದುಕೊಂಡು ಬರುವಾಗ ಏನೇನು ಗೊತ್ತಿರಬೇಕು ಅಂತ ನಮಗೆ ಅಲ್ಲೇ ತಿಳಿಯಿತು. ಹೋಗುವವರಿಗೆ ಉಪಯೋಗ ಆಗಲಿ ಎಂದು ಒಂದೊಂದಾಗಿ ಬರೆಯುತ್ತೇನೆ. ಮುಂಬೈನಿಂದ ಹೊರಡುವ ಹಡಗಿನಲ್ಲಿ ಗೋವಾ ಕಡೆ ಹೋಗಿ ಬರುವವರು ಇಮಿಗ್ರೇಷನ್, ಕಸ್ಟಮ್ಸ್ ವಿಷಯ ಬಿಟ್ಟು ಉಳಿದದ್ದನ್ನು ಓದಿಕೊಳ್ಳಬಹುದು.

ಟಿಕೆಟ್ ಬುಕ್ ಮಾಡುವಾಗ

ಹಡಗು ಬೆಳಿಗ್ಗೆ ಏಳಕ್ಕೆ ಬಂದರಿಗೆ ಬರುತ್ತದೆ ಎಂದು ಕಾಗದದಲ್ಲಿ ಬರೆದಿರುತ್ತದೆ. ಅದನ್ನು ನೋಡಿ ಹತ್ತೂವರೆಯ ವಿಮಾನಕ್ಕೆ ಟಿಕೆಟ್ ತೆಗೆಯಬೇಡಿ. ಏಳಕ್ಕೆ ಬರುವುದು ಹಡಗು, ನೀವಲ್ಲ. ಹಡಗನ್ನು ಕಟ್ಟಬೇಕು, ಬಂದರಿನವರು ಒಪ್ಪಿಗೆ ಕೊಡಬೇಕು, ಸಾವಿರಾರು ಜನರ ಲಗೇಜ್ ಇಳಿಯಬೇಕು. ಆಮೇಲೆ ಗುಂಪು ಗುಂಪಾಗಿ ಜನರನ್ನು ಬಿಡುತ್ತಾರೆ. ಹೊರಗೆ ಬಂದರೆ ಇಮಿಗ್ರೇಷನ್ ಸಾಲು. ನಾವು ಟ್ಯಾಕ್ಸಿ ಹತ್ತುವಾಗ ಹತ್ತೂಕಾಲು ಆಗಿತ್ತು. ನನ್ನ ಲೆಕ್ಕದಲ್ಲಿ ಮಧ್ಯಾಹ್ನ ಎರಡರ ನಂತರದ ವಿಮಾನವೇ ಸರಿ. ವಯಸ್ಸಾದವರು, ಮಕ್ಕಳು ಇದ್ದರೆ ಸಂಜೆಯದ್ದು ಇನ್ನೂ ಒಳ್ಳೆಯದು.

ಸಿಂಗಾಪುರದಿಂದ ಬೆಂಗಳೂರಿಗೆ ಸುಮಾರು ನಾಲ್ಕೂವರೆ ಗಂಟೆ. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ರಾತ್ರಿ ಎಂಟೂವರೆಗೆ ಹೊರಟರೆ ನಮ್ಮ ಹತ್ತೂವರೆಗೆ ಬೆಂಗಳೂರು. ಲಗೇಜ್ ತಗೊಂಡು ಹೊರಗೆ ಬರುವಾಗ ಮಧ್ಯರಾತ್ರಿ. ಅಲ್ಲಿಂದ ಮುಂದೆ ಏನು ಎಂಬುದನ್ನು ಮನೆ ಬಿಡುವ ಮೊದಲೇ ತೀರ್ಮಾನ ಮಾಡಿಕೊಳ್ಳಿ.

ನಮ್ಮ ಕಡೆ ಒಂದು ಅಭ್ಯಾಸ ಇದೆ. ಊರಿನಿಂದ ಕಾರು ತರಿಸಿಕೊಂಡು, ರಾತ್ರಿ ಹನ್ನೆರಡಕ್ಕೆ ಏರ್‌ಪೋರ್ಟಿನಿಂದ ಹೊರಟು, ಬೆಳಗಾಗುವುದರೊಳಗೆ ಮನೆ ಸೇರುವುದು. ದಯವಿಟ್ಟು ಹಾಗೆ ಮಾಡಬೇಡಿ. ಡ್ರೈವರ್ ಆ ದಿನ ಬೆಳಿಗ್ಗೆಯಿಂದ ಗಾಡಿ ಓಡಿಸಿಕೊಂಡು ಬಂದಿರುತ್ತಾನೆ. ತುಮಕೂರು, ತಿಪಟೂರು, ಅರಸೀಕೆರೆ ದಾಟುವವರೆಗೆ ಹೇಗೋ ಮಾತಾಡಿಕೊಂಡು ಬರಬಹುದು. ಕಡೂರು, ಬೀರೂರು, ತರೀಕೆರೆ ಹತ್ತಿರ ಬರುವಾಗ ಬೆಳಗಿನ ಜಾವ ನಾಲ್ಕು ಗಂಟೆ. ಹಿಂದೆ ಕೂತವರೆಲ್ಲ ನಿದ್ದೆ, ಅವನಿಗೂ ಕಣ್ಣು ಎಳೆಯುತ್ತಿರುತ್ತದೆ. ಒಂದು ರಾತ್ರಿಯ ಲಾಡ್ಜ್ ಬಾಡಿಗೆ ಉಳಿಸಲು ಹೋಗಿ ಇಷ್ಟು ದೊಡ್ಡ ಅಪಾಯ ಯಾಕೆ? ನಾವು ದೇವನಹಳ್ಳಿ ಹತ್ತಿರ ಒಂದು ಸಣ್ಣ ಲಾಡ್ಜಿನಲ್ಲಿ ಮಲಗಿ, ಮರುದಿನ ಮಧ್ಯಾಹ್ನದ ಇಂಟರ್‌ಸಿಟಿ ರೈಲಿನಲ್ಲಿ ಬಂದೆವು. ತಾಳಗುಪ್ಪಕ್ಕೆ ಹೋಗುವ ರೈಲು ಸಿಕ್ಕರೆ ಸಾಗರ ಜಂಬಗಾರು ನಿಲ್ದಾಣದಲ್ಲೇ ಇಳಿಯಬಹುದು. ಶಿವಮೊಗ್ಗದಲ್ಲಿ ಇಳಿದು ಮತ್ತೆ ಬಸ್ಸು ಹಿಡಿಯುವ ಕೆಲಸ ಇಲ್ಲ. ರಾತ್ರಿ ಬೆಂಗಳೂರು ಮೇಲೆ ಬರುವ ಮೈಸೂರು–ತಾಳಗುಪ್ಪ ರೈಲೂ ಇದೆ. ವಿಮಾನ ಮಧ್ಯಾಹ್ನ ಇಳಿಯುವವರಿಗೆ ಅದು ಹೊಂದುತ್ತದೆ.

ಇನ್ನು ಶಿವಮೊಗ್ಗಕ್ಕೇ ವಿಮಾನದಲ್ಲಿ ಬರುವ ದಾರಿ. ಸೋಗಾನೆಯ ಕುವೆಂಪು ವಿಮಾನ ನಿಲ್ದಾಣ 2023ರ ಫೆಬ್ರುವರಿ 27ರಂದು ಉದ್ಘಾಟನೆ ಆಯಿತು. ಆಗಸ್ಟ್ 31ರಿಂದ ಬೆಂಗಳೂರಿಗೆ ವಿಮಾನ ಶುರುವಾಯಿತು. ಸುಮಾರು ಒಂದು ಗಂಟೆಯ ಪ್ರಯಾಣ, ದೊಡ್ಡ ಅನುಕೂಲ. ಮೂರು ವಿಷಯ ಗಮನದಲ್ಲಿರಲಿ. ಇದು ಎಟಿಆರ್ ಎಂಬ ಚಿಕ್ಕ ವಿಮಾನ. ತಲೆ ಮೇಲಿನ ಖಾನೆ ಸಣ್ಣದು, ದೊಡ್ಡ ಟ್ರಾಲಿ ಹಿಡಿಯುವುದಿಲ್ಲ. ದೇಶದೊಳಗಿನ ವಿಮಾನದಲ್ಲಿ ಸಾಮಾನ್ಯವಾಗಿ 15 ಕೆ.ಜಿ. ಲಗೇಜ್ ಅಷ್ಟೇ. ಸಿಂಗಾಪುರದಿಂದ 25 ಕೆ.ಜಿ. ತಂದವರು ಬೆಂಗಳೂರಿನಲ್ಲಿ ಹೆಚ್ಚುವರಿ ಹಣ ಕಟ್ಟಬೇಕಾಗುತ್ತದೆ. ಮೂರನೆಯದು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದರೆ ವಿಮಾನ ಇಳಿಯಲಾಗದೆ ವಾಪಸ್ ಹೋಗುವುದುಂಟು. ಆ ತಿಂಗಳುಗಳಲ್ಲಿ ರೈಲಿನ ಟಿಕೆಟ್ ಒಂದನ್ನು ಕೈಯಲ್ಲಿಟ್ಟುಕೊಂಡಿರಿ.

ಎರಡೂ ವಿಮಾನವನ್ನು ಒಂದೇ ಟಿಕೆಟ್‌ನಲ್ಲಿ ಮಾಡಿಸಿದರೆ ಲಗೇಜ್ ತೂಕದ ತೊಂದರೆ ಸಾಮಾನ್ಯವಾಗಿ ಬರುವುದಿಲ್ಲ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೂ ಮುಂದಿನದಕ್ಕೆ ಹತ್ತಿಸುವ ಜವಾಬ್ದಾರಿ ಕಂಪನಿಯದ್ದು. ಬೇರೆ ಬೇರೆ ಟಿಕೆಟ್ ಮಾಡಿದರೆ ತಪ್ಪಿದ್ದು ನಿಮ್ಮ ಪಾಲಿಗೆ ಹೋಯಿತು.

ವೀಸಾ ವಿಷಯ ಒಂದೇ ಮಾತು. ಹಡಗು ಸಿಂಗಾಪುರ ಬಿಟ್ಟು ಮತ್ತೆ ಸಿಂಗಾಪುರಕ್ಕೆ ಬರುತ್ತದೆ ಅಲ್ವಾ? ಅಂದರೆ ನೀವು ಆ ದೇಶಕ್ಕೆ ಎರಡು ಸಲ ಹೋದಂತೆ. ವೀಸಾದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪ್ರವೇಶ ಇದೆಯೇ ಎಂದು ನೋಡಿಕೊಳ್ಳಿ. ಪ್ರಯಾಣದ ವಿಮೆ ಕೂಡ ಹಡಗು ಇಳಿಯುವ ದಿನಕ್ಕೆ ಮುಗಿಯಬಾರದು, ಮನೆ ಸೇರುವ ದಿನದವರೆಗೆ ಇರಬೇಕು.

ಹಡಗಿನ ಕೊನೆಯ ರಾತ್ರಿ

ಕೊನೆಯ ದಿನ ಮಧ್ಯಾಹ್ನದ ಹೊತ್ತಿಗೆ ಕ್ಯಾಬಿನ್‌ಗೆ ಬಣ್ಣದ ಟ್ಯಾಗ್‌ಗಳು ಬರುತ್ತವೆ. ಅವನ್ನು ದೊಡ್ಡ ಬ್ಯಾಗುಗಳಿಗೆ ಕಟ್ಟಿ, ರಾತ್ರಿ ಹತ್ತು ಹನ್ನೊಂದರೊಳಗೆ ಬಾಗಿಲ ಹೊರಗೆ ಇಡಬೇಕು. ಬೆಳಿಗ್ಗೆ ಬಂದರಿನ ಕಟ್ಟಡದಲ್ಲಿ ಅದೇ ಬಣ್ಣದ ಜಾಗದಲ್ಲಿ ಬ್ಯಾಗು ಸಿಗುತ್ತದೆ. ಹಳೆಯ ಟ್ಯಾಗ್‌ಗಳನ್ನೆಲ್ಲ ಕಿತ್ತು ಹಾಕಿ ಹೊಸದನ್ನು ಕಟ್ಟಿ. ಎಲ್ಲರ ಬ್ಯಾಗೂ ಕಪ್ಪು, ನೀಲಿ. ನಾನು ಮನೆಯಿಂದಲೇ ಹಳೆ ಸೀರೆಯ ಕೆಂಪು ಅಂಚನ್ನು ಹರಿದು ಒಯ್ದು ಹಿಡಿಕೆಗೆ ಕಟ್ಟಿದ್ದೆ. ದೂರದಿಂದಲೇ ಗೊತ್ತಾಯಿತು.

ಒಮ್ಮೆ ಬ್ಯಾಗು ಹೊರಗೆ ಇಟ್ಟರೆ ಬೆಳಿಗ್ಗೆವರೆಗೆ ಅದು ನಿಮ್ಮ ಕೈಗೆ ಸಿಗುವುದಿಲ್ಲ. ಇದು ನಮಗೆ ಸರಿಯಾಗಿ ತಲೆಗೆ ಹೋಗಿರಲಿಲ್ಲ. ಅತ್ತೆಯ ಬಿ.ಪಿ. ಮಾತ್ರೆಯ ಡಬ್ಬಿ ದೊಡ್ಡ ಬ್ಯಾಗಿನಲ್ಲೇ ಹೋಯಿತು. ಗೊತ್ತಾದದ್ದು ಬೆಳಿಗ್ಗೆ ಆರಕ್ಕೆ, ಅವರು ಮಾತ್ರೆ ಕೇಳಿದಾಗ. ಬ್ಯಾಗು ಸಿಕ್ಕಿದ್ದು ಹತ್ತು ಗಂಟೆಗೆ. ಅಷ್ಟು ಹೊತ್ತೂ ಅವರನ್ನು ನಡೆಸಲು, ಸಾಲಿನಲ್ಲಿ ನಿಲ್ಲಿಸಲು ನನಗೆ ಭಯ. ಅತ್ತೆ ಏನೂ ಅನ್ನಲಿಲ್ಲ, ಸುಮ್ನೆ ಕೂತಿದ್ದರು. ಅದು ನನಗೆ ಇನ್ನೂ ಸಂಕಟ. ಹಾಗಾಗಿ ಹೇಳುತ್ತೇನೆ, ರಾತ್ರಿ ಬ್ಯಾಗಿಗೆ ಬೀಗ ಹಾಕುವ ಮೊದಲು ಕೈಚೀಲವನ್ನು ಹಾಸಿಗೆ ಮೇಲೆ ಸುರಿದು ನೋಡಿ. ಪಾಸ್‌ಪೋರ್ಟ್, ಹಡಗಿನ ಕಾರ್ಡ್, ಎರಡು ದಿನದ ಮಾತ್ರೆ ಮತ್ತು ಡಾಕ್ಟರ ಚೀಟಿ, ಕನ್ನಡಕ, ಚಿನ್ನ, ಹಣ, ಚಾರ್ಜರ್ ಅದರಲ್ಲಿ ಇರಲೇಬೇಕು. ಬೆಳಿಗ್ಗೆ ಉಡುವ ಬಟ್ಟೆ, ಚಪ್ಪಲಿಯನ್ನೂ ಹೊರಗೆ ಇಟ್ಟುಕೊಳ್ಳಿ. ಪವರ್ ಬ್ಯಾಂಕ್ ಕೂಡ ಕೈಚೀಲಕ್ಕೇ ಹೋಗಬೇಕು. ವಿಮಾನದ ಹೊಟ್ಟೆಗೆ ಹಾಕುವ ಲಗೇಜಿನಲ್ಲಿ ಅದನ್ನು ಇಡುವಂತಿಲ್ಲ. ಅದರೊಳಗಿನ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಕಾರಣಕ್ಕೆ.

ಲಗೇಜ್ ಕಡಿಮೆ ಇದ್ದು, ಮೈಯಲ್ಲಿ ಶಕ್ತಿ ಇದ್ದವರು ಬ್ಯಾಗನ್ನು ಹೊರಗೆ ಇಡದೆ ತಾವೇ ಎಳೆದುಕೊಂಡು ಮೊದಲ ಗುಂಪಿನಲ್ಲಿ ಇಳಿಯಬಹುದು. ಹಿಂದಿನ ದಿನ ಕೌಂಟರಿನಲ್ಲಿ ಹೇಳಿದರೆ ಸಾಕು.

ಬಿಲ್ಲನ್ನು ಕೊನೆಯ ರಾತ್ರಿಯೇ ನೋಡಿ. ಹಡಗಿನೊಳಗೆ ಎಲ್ಲವೂ ಕಾರ್ಡಿನ ಮೇಲೆ ನಡೆಯುತ್ತದೆ. ಜ್ಯೂಸ್, ಫೋಟೋ, ವೈಫೈ, ದಡಕ್ಕೆ ಇಳಿದು ಸುತ್ತಿದ್ದು, ತಲೆಗೆ ಇಷ್ಟು ಎಂದು ದಿನವೂ ಸೇರುವ ಸೇವಾ ಹಣ, ಎಲ್ಲ ಒಟ್ಟಾಗಿ ಬರುತ್ತದೆ. ನಮ್ಮ ಬಿಲ್ಲಿನಲ್ಲಿ ನಾವು ಕಾಲೇ ಇಡದ ಸ್ಪಾದ ಲೆಕ್ಕ ಸೇರಿತ್ತು. ರಾತ್ರಿ ಒಂಬತ್ತಕ್ಕೆ ಹೋಗಿ ತೋರಿಸಿದೆವು. ಹತ್ತು ನಿಮಿಷದಲ್ಲಿ ತೆಗೆದರು. ಬೆಳಿಗ್ಗೆ ನೋಡಿದರೆ ಅದೇ ಕೌಂಟರಿನ ಮುಂದೆ ಹನುಮಂತನ ಬಾಲದಂಥ ಸಾಲು. ಆ ಸಾಲಿನಲ್ಲಿ ನಿಂತಿದ್ದರೆ ನಮ್ಮ ಬಣ್ಣ ಕರೆದಾಗ ಇಳಿಯಲು ಆಗುತ್ತಿರಲಿಲ್ಲ. ಇನ್ನೊಂದು, ಮಷಿನ್‌ನಲ್ಲಿ ಕಾರ್ಡ್ ಹಾಕಿದಾಗ ರೂಪಾಯಿಯಲ್ಲೋ ಡಾಲರಿನಲ್ಲೋ ಎಂದು ಕೇಳಿದರೆ ಡಾಲರ್ ಎನ್ನಿ. ರೂಪಾಯಿ ಎಂದರೆ ಅವರ ದರದಲ್ಲಿ ಬದಲಾಯಿಸುತ್ತಾರೆ, ಅದು ಹೆಚ್ಚೂ ಕಡಿಮೆ ಯಾವಾಗಲೂ ದುಬಾರಿ.

ಇಳಿಯುವ ಬೆಳಿಗ್ಗೆ

ತಿಂಡಿ ತಿಂದೇ ಇಳಿಯಿರಿ. ಮುಂದಿನ ಊಟ ಎಷ್ಟು ಹೊತ್ತಿಗೋ. ಬಫೆಯಿಂದ ಹಣ್ಣು, ಸ್ಯಾಂಡ್‌ವಿಚ್ ಕಟ್ಟಿಕೊಂಡು ದಡಕ್ಕೆ ಒಯ್ಯಬೇಡಿ, ಬಂದರಿನಲ್ಲಿ ತಡೆಯುತ್ತಾರೆ.

ಸಿಂಗಾಪುರದ ಅರೈವಲ್ ಕಾರ್ಡನ್ನು ಎರಡನೆಯ ಸಲವೂ ತುಂಬಬೇಕು. ಮೊದಲ ಸಲ ವಿಮಾನದಲ್ಲಿ ಬಂದಾಗ ತುಂಬಿದ್ದು ಇದಕ್ಕೆ ನಡೆಯುವುದಿಲ್ಲ. ಬಂದು ಸೇರುವ ದಿನವೂ ಸೇರಿ ಮೂರು ದಿನದೊಳಗೆ ತುಂಬಬಹುದು. ಇದಕ್ಕೆ ಸರ್ಕಾರ ಒಂದು ಪೈಸೆಯೂ ತೆಗೆದುಕೊಳ್ಳುವುದಿಲ್ಲ. ಹಣ ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲ. ಸಮುದ್ರದ ಮಧ್ಯೆ ವೈಫೈಗೆ ಹಣ ಕೊಡಬೇಕಾದ್ದರಿಂದ, ಹಡಗು ಯಾವುದಾದರೂ ಬಂದರಿನಲ್ಲಿ ನಿಂತಾಗಲೇ ಈ ಕೆಲಸ ಮುಗಿಸಿಕೊಳ್ಳಿ.

ಮರೀನಾ ಬೇ ಕ್ರೂಸ್ ಸೆಂಟರಿನಿಂದ ಚಾಂಗಿ ಏರ್‌ಪೋರ್ಟಿಗೆ ಟ್ಯಾಕ್ಸಿಯಲ್ಲಿ ಸುಮಾರು ಅರ್ಧ ಗಂಟೆ. ಮೆಟ್ರೋ ಕೂಡ ಇದೆ. ಮರೀನಾ ಸೌತ್ ಪಿಯರ್ ನಿಲ್ದಾಣದವರೆಗೆ ಬ್ಯಾಗು ಎಳೆದುಕೊಂಡು ನಡೆಯಬೇಕು, ಮಧ್ಯೆ ರೈಲು ಬದಲಾಯಿಸಬೇಕು. ಹುಡುಗರಿಗೆ ಸರಿ. ಅತ್ತೆ, ಮಾವ ಜೊತೆಗಿದ್ದರೆ ಟ್ಯಾಕ್ಸಿಯೇ ಆಗಲಿ.

ಚಾಂಗಿಯಲ್ಲಿ ಕಳೆಯುವ ಹೊತ್ತು

ವಿಮಾನ ಸಂಜೆಯದ್ದಾದರೆ ಲಗೇಜನ್ನು ಹಣ ಕೊಟ್ಟು ಇಟ್ಟು ಹೋಗುವ ಜಾಗ ಅಲ್ಲೇ ಇದೆ. ಕೈ ಖಾಲಿ ಮಾಡಿಕೊಂಡು ಜ್ಯುವೆಲ್ ಎಂಬ ಗಾಜಿನ ಕಟ್ಟಡಕ್ಕೆ ಹೋಗಿ. 2019ರಲ್ಲಿ ತೆರೆದದ್ದು. ಅದರ ನಡುವೆ ಚಾವಣಿಯಿಂದ 40 ಮೀಟರ್ ಕೆಳಗೆ ನೀರು ಸುರಿಯುತ್ತದೆ. ಕಟ್ಟಡದೊಳಗಿನ ಜಲಪಾತಗಳಲ್ಲಿ ಜಗತ್ತಿನಲ್ಲೇ ಎತ್ತರದ್ದು. ನಮ್ಮ ಜೋಗ 253 ಮೀಟರ್. ನಾವಿಬ್ಬರೂ ಆ ಲೆಕ್ಕ ಹಾಕುತ್ತಾ ನಿಂತಿದ್ದರೆ ಅತ್ತೆ ಬೆಂಚಿನ ಮೇಲೆ ಕೂತು ನೋಡುತ್ತಲೇ ಇದ್ದರು. "ಬೇಸಿಗೆಯಲ್ಲೂ ಬೀಳ್ತದಲ್ಲ ಮಾರಾಯ್ತಿ, ನೋಡು" ಅಂದರು. ಏಪ್ರಿಲ್‌ನಲ್ಲಿ ನಮ್ಮ ಜೋಗದಲ್ಲಿ ಬಂಡೆಯೇ ಕಾಣುವುದು. ನೀರೆಲ್ಲ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ, ಕರೆಂಟಿಗೆ. ಒಂದು ಗಂಟೆ ಅಲ್ಲೇ ಕೂತೆವು. ಅಂಗಡಿ ಸುತ್ತುವುದಕ್ಕಿಂತ ಆ ಒಂದು ಗಂಟೆ ಅವರ ಮೈಗೂ ಮನಸ್ಸಿಗೂ ಒಳ್ಳೆಯದಾಯಿತು. ನಿಮ್ಮ ದಿನದಲ್ಲೂ ಅಂಥ ಒಂದು ಗಂಟೆ ಇಟ್ಟುಕೊಳ್ಳಿ.

ನಡೆಯಲು ಕಷ್ಟ ಆಗುವವರಿಗೆ ವೀಲ್‌ಚೇರ್ ಬೇಕೆಂದು ಟಿಕೆಟ್ ಮಾಡುವಾಗಲೇ ಬರೆಸಿ. ಕೇಳಲು ಸಂಕೋಚ ಬೇಡ. ಚಾಂಗಿಯಲ್ಲಿ ಗೇಟುಗಳ ನಡುವಿನ ದೂರ ಜಾಸ್ತಿ.

ವಿಮಾನದ ಆ ನಾಲ್ಕೂವರೆ ಗಂಟೆ

ಕಿವಿ ಅಡೈಸಿದರೆ ಎಂಜಲು ನುಂಗಿ, ಆಕಳಿಸಿ, ಪೆಪ್ಪರಮೆಂಟ್ ಚೀಪಿ. ಒಂದು ಗಂಟೆಗೊಮ್ಮೆ ಎದ್ದು ನಡೆಯಿರಿ. ನೀರು ಕುಡಿಯಿರಿ. ಇಷ್ಟು ಮೈಯ ವಿಷಯ.

ನಾನು ಈ ಲೇಖನ ಬರೆಯಲು ಕೂತದ್ದೇ ಇನ್ನೊಂದು ವಿಷಯ ಹೇಳಲು. ಮನೆ ಸೇರಿದ ಕೂಡಲೇ ನಮ್ಮನ್ನು ಮನೆ ಎಳೆದುಕೊಳ್ಳುತ್ತದೆ. ಕೊಟ್ಟಿಗೆ, ತೋಟದ ನೀರು, ಕೆಲಸದವರು, ಯಾರದೋ ಮದುವೆ ಕರೆಯ. ಒಂದು ವಾರದಲ್ಲಿ ಹಡಗು ಎಲ್ಲೋ ಯಾರೋ ಹೇಳಿದ ಕಥೆಯಂತಾಗುತ್ತದೆ. ಹೋಗಿ ಬಂದದ್ದನ್ನು ಕೂತು ನೆನೆಸಿಕೊಳ್ಳಲು ಯಾರೂ ತೊಂದರೆ ಕೊಡದ ಹೊತ್ತು ಸಿಗುವುದು ವಾಪಸ್ ಬರುವ ವಿಮಾನದಲ್ಲಿ ಮಾತ್ರ. ಫೋನ್ ಬರುವುದಿಲ್ಲ, ಎದ್ದು ಹೋಗುವ ಹಾಗಿಲ್ಲ. ಅದನ್ನು ಸಿನಿಮಾ ನೋಡಿ ಕಳೆಯಬೇಡಿ.

ಮೊದಲು ಫೋಟೋ ತೆಗೆದು ನೋಡಬೇಡಿ. ಫೋಟೋ ನೋಡಿದರೆ ಫೋಟೋದಲ್ಲಿ ಇದ್ದದ್ದಷ್ಟೇ ನೆನಪಾಗುತ್ತದೆ. ಒಂದು ನೋಟ್‌ಬುಕ್ ತೆಗೆಯಿರಿ. ಮೊದಲ ದಿನದಿಂದ ಶುರುಮಾಡಿ, ದಿನಕ್ಕೆ ಅರ್ಧ ಪುಟ. ಏನು ನೋಡಿದೆವು ಎಂದು ಬರೆಯುವುದು ಸುಲಭ. ಏನು ವಾಸನೆ ಇತ್ತು, ಏನು ಸದ್ದು ಕೇಳಿತು, ಯಾರ ಜೊತೆ ಮಾತಾಡಿದೆವು ಅಂತಲೂ ಬರೆಯಿರಿ. ನನ್ನ ಪುಸ್ತಕದಲ್ಲಿ ಪೆನಾಂಗ್‌ನ ಒಂದು ಗಲ್ಲಿಯಲ್ಲಿ ಸಾಸಿವೆ ಒಗ್ಗರಣೆಯ ವಾಸನೆ ಬಂದು ಮೂವರೂ ನಿಂತುಬಿಟ್ಟದ್ದು ಇದೆ. ತಮಿಳರ ಮನೆ ಇರಬೇಕು. ರಾತ್ರಿ ಮೂರಕ್ಕೆ ಎಚ್ಚರವಾದಾಗ ಹಡಗಿನ ಮೈಯೆಲ್ಲ ಗುಂಯ್ ಎನ್ನುತ್ತಿದ್ದದ್ದು ಇದೆ. ಕ್ಯಾಬಿನ್ ಗುಡಿಸಲು ಬರುತ್ತಿದ್ದ ಹುಡುಗ ತನ್ನ ಮಗಳ ಫೋಟೋ ತೋರಿಸಿದ್ದು ಇದೆ. ಇದ್ಯಾವುದರದ್ದೂ ಫೋಟೋ ನಮ್ಮ ಹತ್ತಿರ ಇಲ್ಲ.

ಆಮೇಲೆ ಜೊತೆಗಿರುವವರನ್ನು ಕೇಳಿ. ಒಂದೇ ಹಡಗಿನಲ್ಲಿ ಹೋದರೂ ಎಲ್ಲರೂ ಒಂದೇ ಪ್ರವಾಸ ಮಾಡಿರುವುದಿಲ್ಲ. "ಚೆನ್ನಾಗಿತ್ತಾ?" ಎಂದು ಕೇಳಿದರೆ "ಚೆನ್ನಾಗಿತ್ತು" ಅಂತಲೇ ಉತ್ತರ ಬರುತ್ತದೆ. ಅಲ್ಲಿಗೆ ಮಾತು ಮುಗಿಯಿತು. ಒಂದು ಗಳಿಗೆಯ ಬಗ್ಗೆ ಕೇಳಬೇಕು. ನಾನು ಅತ್ತೆಯನ್ನು ಕೇಳಿದ್ದು, "ಎರಡನೇ ದಿನ ರಾತ್ರಿ ಡೆಕ್ ಮೇಲೆ ಒಬ್ಬರೇ ಅಷ್ಟು ಹೊತ್ತು ನಿಂತಿದ್ದಿರಲ್ಲ, ಏನು ನೋಡ್ತಾ ಇದ್ರಿ ಅತ್ತೆ?" ಅಂತ.

ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು, "ನೀರು ಕಪ್ಪಗಿತ್ತು. ನಮ್ಮೂರಿನ ಮೇಲೆ ನಿಂತ ನೀರೂ ರಾತ್ರಿ ಹಾಗೇ ಕಾಣ್ತಿತ್ತು."

ಅತ್ತೆಯ ತವರೂರು ಶರಾವತಿಯಲ್ಲಿ ಮುಳುಗಿದ್ದು ನನಗೆ ಗೊತ್ತಿತ್ತು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಆಗ ಅವರು ಹತ್ತು ವರ್ಷದ ಹುಡುಗಿ. ಅಷ್ಟೇ ನನಗೆ ಗೊತ್ತಿದ್ದದ್ದು. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಅವರು ಅದರ ಬಗ್ಗೆ ಹೇಳಿದ್ದಿಲ್ಲ, ನಾನೂ ಕೇಳಿದ್ದಿಲ್ಲ. ಆ ವಿಮಾನದಲ್ಲಿ ಹೇಳಿದರು. ಎತ್ತಿನ ಗಾಡಿಗೆ ಮೊದಲು ಹೇರಿದ್ದು ಒರಳುಕಲ್ಲು. ಅಜ್ಜಿ ತುಳಸಿಕಟ್ಟೆಯ ಮಣ್ಣನ್ನು ಸೆರಗಿನಲ್ಲಿ ಕಟ್ಟಿಕೊಂಡದ್ದು. ಬಾವಿಗೆ ಕೊನೆಯ ಸಲ ಕೊಡಪಾನ ಇಳಿಸಿದ್ದು. ಆಮೇಲೆ ಎಷ್ಟೋ ವರ್ಷ ಲಾಂಚಿನಲ್ಲಿ ಹಿನ್ನೀರು ದಾಟುವಾಗೆಲ್ಲ ಅವರಪ್ಪ ಒಂದು ಜಾಗ ಬಂದ ಕೂಡಲೇ ಮಾತು ನಿಲ್ಲಿಸುತ್ತಿದ್ದರಂತೆ. ಕೆಳಗೆ ಅವರ ಗದ್ದೆ ಇತ್ತು.

ಹದಿನೆಂಟು ಮಹಡಿಯ ಹಡಗು, ಈಜುಕೊಳ, ದೀಪ, ಹಾಡು. ಇಷ್ಟರ ಮಧ್ಯೆ ಅತ್ತೆ ನೋಡುತ್ತಿದ್ದದ್ದು ಅದನ್ನು. ಕೇಳದೇ ಇದ್ದಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ.

ಹಿರಿಯರು ಹೀಗೆ ಮಾತಾಡಲು ಶುರು ಮಾಡಿದಾಗ ಅವರ ಒಪ್ಪಿಗೆ ಕೇಳಿ ಫೋನಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ. ಏರ್‌ಪ್ಲೇನ್ ಮೋಡ್‌ನಲ್ಲಿದ್ದರೂ ರೆಕಾರ್ಡ್ ಆಗುತ್ತದೆ. ಎಂಜಿನ್ ಸದ್ದು ಇರುವುದರಿಂದ ಫೋನನ್ನು ಅವರ ಬಾಯಿಯ ಹತ್ತಿರವೇ ಹಿಡಿಯಬೇಕು. ಮಧ್ಯೆ ಬಾಯಿ ಹಾಕಬೇಡಿ. ವರ್ಷ, ಹೆಸರು ತಪ್ಪಿದರೆ ಆಮೇಲೆ ಸರಿಮಾಡಿಕೊಳ್ಳಬಹುದು.

ಇಷ್ಟಾದ ಮೇಲೆ ಹೊತ್ತು ಉಳಿದರೆ ಫೋಟೋ ತೆಗೆಯಿರಿ, ನೋಡಲಿಕ್ಕಲ್ಲ, ಕಡಿಮೆ ಮಾಡಲಿಕ್ಕೆ. ನಮ್ಮ ಮೂರು ಫೋನಿನಲ್ಲಿ ಸೇರಿ ಸಾವಿರದ ಹತ್ತಿರ ಇತ್ತು. ಒಂದೇ ಸೂರ್ಯಾಸ್ತ ನಲವತ್ತು ಸಲ. ಇಳಿಯುವಾಗ ನೂರೈವತ್ತು ಉಳಿದಿತ್ತು. ಊರಿನಲ್ಲಿ ಯಾರಿಗಾದರೂ ತೋರಿಸಲು ಅಷ್ಟು ಸಾಕೋ ಸಾಕು.

ಬೆಂಗಳೂರಿನಲ್ಲಿ

ವಿದೇಶದ ವಿಮಾನ ಎರಡನೇ ಟರ್ಮಿನಲ್‌ನಲ್ಲಿ ಇಳಿಯುತ್ತದೆ. ಶಿವಮೊಗ್ಗಕ್ಕೆ ಮುಂದಿನ ಟಿಕೆಟ್ ಇದ್ದರೂ ಲಗೇಜನ್ನು ಇಲ್ಲೇ ತೆಗೆದುಕೊಳ್ಳಬೇಕು, ಯಾಕೆಂದರೆ ಕಸ್ಟಮ್ಸ್ ಆಗುವುದು ದೇಶದೊಳಗೆ ಮೊದಲು ಇಳಿದ ಜಾಗದಲ್ಲಿ. ಆಮೇಲೆ ಮತ್ತೆ ಕೊಡಬೇಕು. ಇಂಡಿಗೋದ ದೇಶದೊಳಗಿನ ವಿಮಾನಗಳು ಮೊದಲನೇ ಟರ್ಮಿನಲ್‌ನಿಂದ ಹೊರಡುತ್ತವೆ, ನಡುವೆ ಬಸ್ಸು ಇದೆ. ಎರಡು ವಿಮಾನಗಳ ನಡುವೆ ಕಡಿಮೆ ಎಂದರೂ ನಾಲ್ಕು ಗಂಟೆ ಇರಲಿ. ರೈಲಿಗೆ ಹೋಗುವವರಿಗೆ ಮೆಜೆಸ್ಟಿಕ್ ಕಡೆ ವಾಯು ವಜ್ರ ಬಸ್ಸು ಇದೆ, ಲಗೇಜ್ ಇಡಲು ಜಾಗವೂ ಇದೆ.

ಬ್ಯಾಗು ಬರದೇ ಇದ್ದರೆ ಹೊರಗೆ ಬರಬೇಡಿ. ಬೆಲ್ಟಿನ ಹತ್ತಿರವೇ ಇರುವ ವಿಮಾನ ಕಂಪನಿಯ ಕೌಂಟರಿನಲ್ಲಿ ದೂರು ಬರೆಸಿ, ಪಿಐಆರ್ ಎಂಬ ಚೀಟಿ ಪಡೆದೇ ಹೊರಡಿ. ವಿಮೆಗೆ ಅದು ಬೇಕು. ವಿಳಾಸಕ್ಕೆ ಊರು, ಅಂಚೆ, ಪಿನ್ ಕೋಡ್ ಎಲ್ಲ ಬರೆಸಿ.

ಮದ್ಯ ತರುವವರಿಗೆ ಒಬ್ಬರಿಗೆ 2 ಲೀಟರ್ ಮಿತಿ. ಮುಂದಿನ ವಿಮಾನ ಇದ್ದರೆ ಆ ಬಾಟಲಿಯನ್ನು ಲಗೇಜಿನೊಳಗೆ ಇಟ್ಟು ಕೊಡಿ. ಚಿನ್ನ, ಎಲೆಕ್ಟ್ರಾನಿಕ್ ಸಾಮಾನಿನ ಮಿತಿಯನ್ನು ಹೊರಡುವ ಮೊದಲು ಕಸ್ಟಮ್ಸ್ ಇಲಾಖೆಯ ಜಾಲತಾಣದಲ್ಲಿ ನೋಡಿಕೊಳ್ಳಿ. ಮಿತಿ ಮೀರಿದ್ದರೆ ಕೆಂಪು ದಾರಿಯಲ್ಲಿ ಹೋಗಿ ಹೇಳಿಬಿಡುವುದು ಒಳ್ಳೆಯದು.

ಗಿಡದ ವಿಷಯ ಸ್ವಲ್ಪ ಒತ್ತಿ ಹೇಳಬೇಕು. ನಮ್ಮ ಮಲೆನಾಡಿನ ಹೆಂಗಸರಿಗೆ ಹೂವಿನ ಗಿಡ ಅಂದರೆ ಜೀವ. ಅಂಗಳದಲ್ಲಿ ಆಂಥೂರಿಯಂ, ಆರ್ಕಿಡ್ ಇಲ್ಲದ ಮನೆ ಕಡಿಮೆ. ಎಲ್ಲಿ ಹೋದರೂ ಒಂದು ಹೆಣೆ, ಒಂದು ಗಡ್ಡೆ ಒದ್ದೆ ಬಟ್ಟೆಯಲ್ಲಿ ಸುತ್ತಿ ತರುವುದು ನಮಗೆ ರೂಢಿ. ಹೊರದೇಶದಿಂದ ಅದನ್ನು ಮಾಡಬೇಡಿ. ಗಿಡ, ಬೀಜ, ಮಣ್ಣು ತರಲು ಮೊದಲೇ ಅನುಮತಿ ಮತ್ತು ಅಲ್ಲಿನ ಸರ್ಕಾರದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. 2003ರ ಸಸ್ಯ ಕ್ವಾರಂಟೈನ್ ಆದೇಶ ಇದಕ್ಕೇ ಇರುವುದು. ಇದು ಬರೀ ಕಾನೂನಿನ ಮಾತಲ್ಲ. ಅಡಿಕೆಗೆ ಕೊಳೆ ಬಂದಾಗ, ಎಲೆಚುಕ್ಕೆ ಬಂದಾಗ ನಾವು ಪಟ್ಟ ಪಾಡು ನಮಗೇ ಗೊತ್ತು. ಬೇರಿಗೆ ಅಂಟಿದ ಒಂದು ಚಿಟಿಕೆ ಮಣ್ಣಿನಲ್ಲಿ ಹೊಸ ರೋಗ ಬಂದರೆ ಅದು ನಮ್ಮ ಅಂಗಳದಲ್ಲಿ ನಿಲ್ಲುವುದಿಲ್ಲ, ಇಡೀ ಊರಿನ ತೋಟಕ್ಕೆ ಹೋಗುತ್ತದೆ. ನಾನು ಸಿಂಗಾಪುರದಲ್ಲಿ ಒಂದು ಹಸಿರು ಆರ್ಕಿಡ್ ಮುಟ್ಟಿ, ಫೋಟೋ ತೆಗೆದು, ಅಲ್ಲೇ ಬಿಟ್ಟು ಬಂದೆ. ಆಸೆ ಆಗಿತ್ತು. ಆದರೂ ಬಿಟ್ಟೆ.

ಮನೆ ಸೇರಿದ ವಾರ

ಹೆದರಬೇಡಿ, ನೆಲ ಅಲ್ಲಾಡಿದಂತೆ ಅನಿಸುತ್ತದೆ. ಅತ್ತೆ ರೈಲಿಳಿದು ಜಗುಲಿಯಲ್ಲಿ ಕೂತವರು, "ಕಾಲಡಿ ನೆಲ ಇನ್ನೂ ತೂಗ್ತಾ ಇದೆಯಲ್ಲೇ" ಅಂದರು. ಹಡಗಿನ ತೂಗಾಟಕ್ಕೆ ಒಳಗಿವಿ ಮತ್ತು ಮೆದುಳು ಹೊಂದಿಕೊಂಡಿರುತ್ತವೆ. ಗಟ್ಟಿ ನೆಲಕ್ಕೆ ಮತ್ತೆ ಹೊಂದಿಕೊಳ್ಳಲು ಒಂದೆರಡು ದಿನ ಬೇಕು. ಸ್ನಾನ ಮಾಡುವಾಗ ಕಣ್ಣು ಮುಚ್ಚಿ ತಲೆಗೆ ನೀರು ಹಾಕಿಕೊಂಡರೆ ಜಾಸ್ತಿ ಅನಿಸುತ್ತದೆ. ಬಚ್ಚಲಿನಲ್ಲಿ ಹಿರಿಯರು ಕೂತೇ ಸ್ನಾನ ಮಾಡಲಿ. ಎರಡು ದಿನ ಆಗುಂಬೆ, ಹುಲಿಕಲ್ ಕಡೆ ಘಾಟಿ ಇಳಿಯುವುದು ಬೇಡ. ಅತ್ತೆಗೆ ಮೂರನೇ ದಿನ ಹೋಯಿತು. ವಾರಗಟ್ಟಲೆ ಉಳಿದರೆ ಡಾಕ್ಟರಿಗೆ ತೋರಿಸಿ.

ಹೊಟ್ಟೆಗೆ ಗಂಜಿ, ಒಂದೆಲಗದ ತಂಬುಳಿ, ಅಪ್ಪೆಹುಳಿ. ಬಫೆಯ ಐದು ದಿನದ ನಂತರ ಅದೇ ಔಷಧಿ.

ಜ್ವರ ಬಂದರೆ ಮಾತ್ರ ಉದಾಸೀನ ಮಾಡಬೇಡಿ. ಆ ದೇಶಗಳಲ್ಲಿ ಡೆಂಗಿ ಇದೆ. ಇಲ್ಲಿ ಬೇಸಿಗೆ ಅಂದರೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಅದು ಮೊದಲು ಗುರುತಾದದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ನಮ್ಮ ಕಡೆಯ ಡಾಕ್ಟರು ಜ್ವರ ಅಂದ ಕೂಡಲೇ ಕಾಡಿಗೆ ಹೋಗಿದ್ರಾ ಅಂತ ಕೇಳುತ್ತಾರೆ. ಹಡಗು ಹತ್ತಿದ್ರಾ ಅಂತ ಕೇಳುವುದಿಲ್ಲ. ಎರಡು ವಾರದೊಳಗೆ ಎಲ್ಲೆಲ್ಲಿ ಹೋಗಿದ್ದಿರಿ ಎಂದು ನೀವೇ ಮೊದಲು ಹೇಳಿ.

ಟ್ರಾವೆಲ್ಸ್‌ನವರು ಪ್ಯಾಕೇಜಿನ ಮೇಲೆ ಟಿಸಿಎಸ್ ಎಂದು, ಅಂದರೆ ಮುಂಗಡ ತೆರಿಗೆಯಂತೆ, ಹಿಡಿದ ಹಣ ಹೋದ ಹಣವಲ್ಲ. ನಿಮ್ಮ ಪ್ಯಾನ್‌ನ ತೆರಿಗೆ ಲೆಕ್ಕದಲ್ಲಿ ಅದು ಕಾಣುತ್ತದೆ. ಆದಾಯ ತೆರಿಗೆ ರಿಟರ್ನ್ ಹಾಕಿದರೆ ತೆರಿಗೆಗೆ ಹೊಂದುತ್ತದೆ, ಇಲ್ಲವೇ ವಾಪಸ್ ಬರುತ್ತದೆ. ಕೃಷಿ ಆದಾಯ ಮಾತ್ರ ಇರುವ ನಮ್ಮ ಕಡೆಯ ಎಷ್ಟೋ ಜನ ರಿಟರ್ನ್ ಹಾಕುವುದೇ ಇಲ್ಲ, ಹಾಗಾಗಿ ಆ ಹಣ ಅಲ್ಲೇ ಉಳಿದುಬಿಡುತ್ತದೆ. ರಸೀದಿಗಳನ್ನು ಒಂದು ಕವರಿನಲ್ಲಿ ಹಾಕಿ ನಿಮ್ಮ ಆಡಿಟರಿಗೆ ಕೊಡಿ. ಕ್ರೆಡಿಟ್ ಕಾರ್ಡಿನ ಲೆಕ್ಕವನ್ನು ಹಡಗಿನ ಬಿಲ್ಲಿನ ಜೊತೆ ಒಮ್ಮೆ ತಾಳೆ ನೋಡಿ. ಹಡಗಿನವರು ಮೊದಲ ದಿನ ತಡೆಹಿಡಿದ ಹಣ ಬಿಡುಗಡೆ ಆಗಲು ಕೆಲವು ದಿನ ಬೇಕು.

ವಿಮಾನದಲ್ಲಿ ಮಾಡಿದ ರೆಕಾರ್ಡಿಂಗನ್ನು ಫೋನಿನಲ್ಲೇ ಬಿಡಬೇಡಿ. ನಾನು ಕಂಪ್ಯೂಟರಿಗೆ ಹಾಕಿ, ಎರಡು ಪೆನ್ ಡ್ರೈವ್ ಮಾಡಿ, ಒಂದನ್ನು ಬೆಂಗಳೂರಿನ ಮೈದುನನಿಗೆ ಕಳಿಸಿದೆ. ಇಪ್ಪತ್ತಮೂರು ನಿಮಿಷ ಇದೆ. ಮೇ ತಿಂಗಳ ಕೊನೆಯಲ್ಲಿ ಹಿನ್ನೀರು ಚೆನ್ನಾಗಿ ಇಳಿದಿತ್ತು, ಮಡೆನೂರಿನ ಹಳೆಯ ಅಣೆಕಟ್ಟೆ ನೀರಿನಿಂದ ಮೇಲೆದ್ದಿತ್ತು. ಅತ್ತೆಯನ್ನು ಕರೆದುಕೊಂಡು ಹೋದೆವು. ಬಿರುಕು ಬಿಟ್ಟ ಕೆಸರಿನ ಅಂಚಿನಲ್ಲಿ ನಿಂತು, ಕೈಯನ್ನು ಹಣೆಗೆ ಅಡ್ಡ ಹಿಡಿದು, "ಅಕೋ, ಆ ಕಡೆ" ಎಂದು ತೋರಿಸಿದರು. ಮೈದುನನ ಮಗಳು ಅದನ್ನೂ ಬರೆದುಕೊಂಡಳು.